ದಿನಕ್ಕೆ ಒಂದೇ ಸಿಗರೇಟ್ ಸೇದಿದರೆ ಹೃದಯಕ್ಕೆ ಏನೂ ಆಗಲ್ವಾ? ಅಧ್ಯಯನಗಳ ಲೆಕ್ಕವೇ ಬೇರೆ

'ನಾನೇನು ಪ್ಯಾಕ್‌ಗಟ್ಟಲೆ ಸೇದೋನಲ್ಲ, ಊಟ ಆದ್ಮೇಲೆ ಒಂದು, ಅಷ್ಟೇ.' ಸಿಗರೇಟ್ ವಿಷಯ ಬಂದಾಗಲೆಲ್ಲ ಕೇಳಿಬರುವ ಮಾತಿದು. ಮುಂಬೈನ ಟಪರಿ ಇರಲಿ, ಹೈದರಾಬಾದಿನ ಇರಾನಿ ಚಹಾ ಹೋಟೆಲ್ ಇರಲಿ, ಬೆಂಗಳೂರಿನ ಐಟಿ ಕಂಪನಿ ಗೇಟಿನ ಎದುರಿನ ಗೂಡಂಗಡಿ ಇರಲಿ, ಚಹಾದ ಜೊತೆಗೊಂದು ಸಿಗರೇಟ್ ಹಚ್ಚುವವರಲ್ಲಿ ಹೆಚ್ಚಿನವರು ತಮ್ಮನ್ನು 'ಸ್ಮೋಕರ್' ಎಂದುಕೊಳ್ಳುವುದೇ ಇಲ್ಲ. ದಿನಕ್ಕೆ 20 ಸೇದುವವನಿಗೆ ಅಪಾಯ ನೂರರಷ್ಟಿದ್ದರೆ, ಒಂದು ಸೇದುವ ತಮಗೆ ಐದರಷ್ಟಿರಬಹುದು ಎಂಬುದು ಅವರ ಲೆಕ್ಕ.

ಕ್ಯಾನ್ಸರ್ ವಿಷಯದಲ್ಲಿ ಈ ಲೆಕ್ಕ ಸ್ವಲ್ಪ ಮಟ್ಟಿಗೆ ಹೊಂದುತ್ತದೆ. ಸೇದಿದ ಸಿಗರೇಟ್ ಸಂಖ್ಯೆ, ಸೇದಿದ ವರ್ಷಗಳು ಹೆಚ್ಚಿದಂತೆ ಶ್ವಾಸಕೋಶದ ಕ್ಯಾನ್ಸರ್ ಅಪಾಯವೂ ಹೆಚ್ಚುತ್ತ ಹೋಗುತ್ತದೆ. ಆದರೆ ಹೃದಯದ ವಿಷಯದಲ್ಲಿ ಇದು ಪೂರ್ತಿ ತಪ್ಪು. ಅಲ್ಲಿ ಮೊದಲ ಸಿಗರೇಟೇ ಅತಿ ದುಬಾರಿ.

ಒಂದಕ್ಕೂ ಇಪ್ಪತ್ತಕ್ಕೂ ಇರುವ ವ್ಯತ್ಯಾಸ ಎಷ್ಟು?

2018ರ ಜನವರಿಯಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಒಂದು ದೊಡ್ಡ ವಿಶ್ಲೇಷಣೆ ಪ್ರಕಟವಾಯಿತು. ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ಅಲನ್ ಹ್ಯಾಕ್‌ಶಾ ನೇತೃತ್ವದ ತಂಡ 141 ದೀರ್ಘಕಾಲದ ಅಧ್ಯಯನಗಳ ಅಂಕಿಅಂಶಗಳನ್ನು ಒಟ್ಟುಗೂಡಿಸಿ, ದಿನಕ್ಕೆ ಒಂದು, ಐದು ಮತ್ತು ಇಪ್ಪತ್ತು ಸಿಗರೇಟ್ ಸೇದುವವರಿಗೆ ಹೃದ್ರೋಗ ಮತ್ತು ಪಾರ್ಶ್ವವಾಯು ಬರುವ ಸಾಧ್ಯತೆಯನ್ನು ಹೋಲಿಸಿತ್ತು.

ಫಲಿತಾಂಶ ಹೀಗಿತ್ತು: ಸಿಗರೇಟನ್ನೇ ಮುಟ್ಟದವರಿಗಿಂತ ದಿನಕ್ಕೆ ಒಂದು ಸೇದುವ ಪುರುಷರಿಗೆ ಹೃದ್ರೋಗದ ಅಪಾಯ ಶೇ. 48ರಷ್ಟು ಹೆಚ್ಚು. ದಿನಕ್ಕೆ 20 ಸೇದುವವರಿಗೆ ಅದು ಸುಮಾರು ಎರಡು ಪಟ್ಟು. ಮಹಿಳೆಯರಲ್ಲಿ ಒಂದು ಸಿಗರೇಟಿಗೆ ಶೇ. 57ರಷ್ಟು ಹೆಚ್ಚು, 20 ಸಿಗರೇಟಿಗೆ ಸುಮಾರು 2.8 ಪಟ್ಟು. ಅಂದರೆ 20 ಸಿಗರೇಟಿನಿಂದ ಬರುವ ಹೆಚ್ಚುವರಿ ಅಪಾಯದಲ್ಲಿ ಪುರುಷರಿಗೆ ಶೇ. 46ರಷ್ಟು, ಮಹಿಳೆಯರಿಗೆ ಶೇ. 31ರಷ್ಟು ಮೊದಲ ಸಿಗರೇಟಿನಿಂದಲೇ ಬಂದುಬಿಡುತ್ತದೆ. ಐದು ಇರಬೇಕಾದ ಜಾಗದಲ್ಲಿ ನಲವತ್ತಾರು!

ಶೇಕಡಾವಾರು ಲೆಕ್ಕ ತಲೆಗೆ ಹತ್ತದಿದ್ದರೆ ಹೀಗೆ ನೋಡಬಹುದು. ಸಿಗರೇಟ್ ಸೇದದ ನೂರು ಪುರುಷರಲ್ಲಿ ಹತ್ತು ಮಂದಿಗೆ ಹೃದ್ರೋಗ ಬರುತ್ತದೆ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಅದೇ ಗುಂಪು ದಿನಕ್ಕೆ 20 ಸಿಗರೇಟ್ ಸೇದಿದ್ದರೆ ಆ ಸಂಖ್ಯೆ 20ರ ಆಸುಪಾಸಿಗೆ ಹೋಗುತ್ತದೆ. ದಿನಕ್ಕೆ ಒಂದೇ ಸೇದಿದ್ದರೆ? ಹನ್ನೊಂದಲ್ಲ, ಸುಮಾರು ಹದಿನೈದು.

ಇದೇನೂ ಒಂಟಿ ಅಧ್ಯಯನವಲ್ಲ. ನಾರ್ವೆಯಲ್ಲಿ 1970ರ ದಶಕದಲ್ಲಿ ತಪಾಸಣೆಗೊಳಗಾದ ಸುಮಾರು 43 ಸಾವಿರ ಮಂದಿಯನ್ನು 2002ರವರೆಗೂ ಗಮನಿಸಲಾಗಿತ್ತು. ದಿನಕ್ಕೆ ಒಂದರಿಂದ ನಾಲ್ಕು ಸಿಗರೇಟ್ ಸೇದುತ್ತಿದ್ದವರು ಹೃದ್ರೋಗದಿಂದ ಸಾಯುವ ಸಾಧ್ಯತೆ, ಎಂದೂ ಸೇದದವರಿಗಿಂತ ಹೆಚ್ಚುಕಡಿಮೆ ಮೂರು ಪಟ್ಟು ಇತ್ತು. ಸಂಖ್ಯೆ ಅಧ್ಯಯನದಿಂದ ಅಧ್ಯಯನಕ್ಕೆ ಏರುಪೇರಾಗುತ್ತದೆ, ದಿಕ್ಕು ಮಾತ್ರ ಒಂದೇ.

ಒಂದು ಸಿಗರೇಟ್ ಒಳಗೆ ಹೋದಾಗ ಆಗುವುದೇನು?

ಇಷ್ಟು ಕಡಿಮೆ ಹೊಗೆಗೆ ಇಷ್ಟು ದೊಡ್ಡ ಪರಿಣಾಮ ಯಾಕೆ ಎಂಬ ಪ್ರಶ್ನೆ ಸಹಜ. ಉತ್ತರ ಹೃದಯಾಘಾತ ಆಗುವ ರೀತಿಯಲ್ಲೇ ಇದೆ.

ಹೃದಯದ ಸ್ನಾಯುವಿಗೆ ರಕ್ತ ಪೂರೈಸುವ ಕರೋನರಿ ರಕ್ತನಾಳಗಳು ಕೆಲವೇ ಮಿಲಿಮೀಟರ್ ದಪ್ಪದವು. ಇವುಗಳ ಒಳಗೋಡೆಯಲ್ಲಿ ವರ್ಷಗಳ ಕಾಲ ಕೊಬ್ಬು ಶೇಖರವಾಗಿ ಗಂಟು ಕಟ್ಟುತ್ತದೆ. ನಾಳ ನಿಧಾನವಾಗಿ ಮುಚ್ಚಿಕೊಳ್ಳುತ್ತಾ ಬಂದು ಒಂದು ದಿನ ಪೂರ್ತಿ ಬಂದ್ ಆಗುತ್ತದೆ, ಅದೇ ಹೃದಯಾಘಾತ ಎಂದು ಬಹಳ ಮಂದಿ ಭಾವಿಸಿದ್ದಾರೆ. ಸಾಮಾನ್ಯವಾಗಿ ನಡೆಯುವುದು ಹಾಗಲ್ಲ. ಅರ್ಧದಷ್ಟೂ ಅಡ್ಡಿ ಮಾಡದ ಸಣ್ಣ ಕೊಬ್ಬಿನ ಗಂಟು ಕೂಡ ಇದ್ದಕ್ಕಿದ್ದಂತೆ ಒಡೆಯಬಹುದು, ಇಲ್ಲವೇ ಅದರ ಮೇಲ್ಪದರ ಸವೆದು ಹೋಗಬಹುದು. ಗಾಯವಾದ ಆ ಜಾಗಕ್ಕೆ ರಕ್ತದ ಪ್ಲೇಟ್‌ಲೆಟ್‌ಗಳು ಧಾವಿಸಿ ಅಂಟಿಕೊಳ್ಳುತ್ತವೆ, ರಕ್ತ ಹೆಪ್ಪುಗಟ್ಟುತ್ತದೆ. ಕೆಲವೇ ನಿಮಿಷಗಳಲ್ಲಿ ನಾಳ ಮುಚ್ಚಿಹೋಗುತ್ತದೆ. 'ನಿನ್ನೆ ತಾನೇ ಚೆನ್ನಾಗಿದ್ದರು', 'ಹೋದ ತಿಂಗಳು ಟ್ರೆಡ್‌ಮಿಲ್ ಟೆಸ್ಟ್ ನಾರ್ಮಲ್ ಬಂದಿತ್ತು' ಎಂಬ ಮಾತುಗಳ ಹಿಂದೆ ಇರುವುದು ಬಹುಪಾಲು ಇದೇ.

ಸಿಗರೇಟ್ ಹೊಗೆ ಈ ಸರಣಿಯ ಪ್ರತಿ ಹಂತದಲ್ಲೂ ಕೈಯಾಡಿಸುತ್ತದೆ. ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮೆದುಳು ತಲುಪಿ ಅಡ್ರಿನಲಿನ್ ಬಿಡುಗಡೆ ಮಾಡಿಸುತ್ತದೆ. ನಾಡಿ ಬಡಿತ, ರಕ್ತದೊತ್ತಡ ಎರಡೂ ಏರಿ ಹೃದಯಕ್ಕೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಆದರೆ ಅದೇ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್, ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಆಮ್ಲಜನಕದ ಜಾಗವನ್ನು ಕಬಳಿಸುತ್ತದೆ. ಬೇಡಿಕೆ ಹೆಚ್ಚಿದ ಹೊತ್ತಿಗೇ ಪೂರೈಕೆಗೆ ಕತ್ತರಿ. ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ವಸ್ತುವನ್ನು ತಯಾರಿಸಿ ನಾಳವನ್ನು ಸಡಿಲವಾಗಿ, ನುಣುಪಾಗಿ ಇಟ್ಟಿರುತ್ತದೆ. ಹೊಗೆಯ ರಾಸಾಯನಿಕಗಳು ಅದನ್ನೂ ಕುಗ್ಗಿಸುತ್ತವೆ, ನಾಳ ಬಿಗಿಯುತ್ತದೆ. ಒಳ್ಳೆಯ ಕೊಲೆಸ್ಟ್ರಾಲ್ ಎಂದು ಕರೆಯುವ ಎಚ್‌ಡಿಎಲ್ ಇಳಿಯುತ್ತದೆ, ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜನ್ ಏರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಪ್ಲೇಟ್‌ಲೆಟ್. ಇವು ಅಂಟಂಟಾಗಲು ಹೆಚ್ಚು ಹೊಗೆ ಬೇಕಿಲ್ಲ. ಸ್ವಲ್ಪ ಹೊಗೆಗೇ ಅವುಗಳ ಪ್ರತಿಕ್ರಿಯೆ ಗರಿಷ್ಠ ಮಟ್ಟದ ಹತ್ತಿರಕ್ಕೆ ಹೋಗಿಬಿಡುತ್ತದೆ. ಆಮೇಲೆ ಎರಡನೇದು, ಹತ್ತನೇದು ಸೇದಿದರೂ ಏರಿಕೆ ಸ್ವಲ್ಪ ಸ್ವಲ್ಪವೇ. ಲೈಟ್ ಸ್ವಿಚ್ ಒತ್ತಿದ ಹಾಗೆ, ಒಂದು ಸಲ ಒತ್ತಿದರೂ ದೀಪ ಹತ್ತುತ್ತದೆ. ಒಂದಕ್ಕೂ ಇಪ್ಪತ್ತಕ್ಕೂ ನಡುವಿನ ಅಂತರ ಹೃದಯದ ಮಟ್ಟಿಗೆ ಅಷ್ಟು ಕಿರಿದಾಗಿರುವುದಕ್ಕೆ ತಜ್ಞರು ಕೊಡುವ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಸೇದದವರ ಹೃದಯಕ್ಕೂ ಹೊಡೆತ: ಹೆಲೆನಾ ಊರಿನ ಕಥೆ

ಕಡಿಮೆ ಹೊಗೆಯೂ ಅಪಾಯಕಾರಿ ಎಂಬುದಕ್ಕೆ ಇನ್ನೊಂದು ದಿಕ್ಕಿನಿಂದಲೂ ಸಾಕ್ಷಿ ಇದೆ. ಅಮೆರಿಕದ ಮೊಂಟಾನಾ ರಾಜ್ಯದ ಹೆಲೆನಾ ಒಂದು ಸಣ್ಣ ಊರು. ಸುತ್ತಲಿನ ಪ್ರದೇಶಕ್ಕೆಲ್ಲ ಹೃದಯ ಚಿಕಿತ್ಸೆಗೆ ಇದ್ದದ್ದು ಒಂದೇ ಆಸ್ಪತ್ರೆ. 2002ರ ಜೂನ್‌ನಲ್ಲಿ ಅಲ್ಲಿ ಹೋಟೆಲ್, ಬಾರ್, ಕಚೇರಿಗಳೆಲ್ಲೆಡೆ ಧೂಮಪಾನ ನಿಷೇಧವಾಯಿತು. ಆರು ತಿಂಗಳಿಗೆ ನ್ಯಾಯಾಲಯದ ಆದೇಶದಿಂದ ನಿಷೇಧಕ್ಕೆ ತಡೆ ಬಿತ್ತು. ಹಿಂದಿನ ವರ್ಷಗಳ ಅದೇ ಆರು ತಿಂಗಳಲ್ಲಿ ಸರಾಸರಿ 40 ಮಂದಿ ಹೃದಯಾಘಾತಕ್ಕೆ ದಾಖಲಾಗುತ್ತಿದ್ದರೆ, ನಿಷೇಧವಿದ್ದ ಅವಧಿಯಲ್ಲಿ ದಾಖಲಾದವರು 24. ನಿಷೇಧ ಹೋದ ಮೇಲೆ ಸಂಖ್ಯೆ ಮತ್ತೆ ಏರಿತು.

ಊರು ಚಿಕ್ಕದು, ಸಂಖ್ಯೆಯೂ ಚಿಕ್ಕದು, ಹಾಗಾಗಿ ಅನುಮಾನಪಟ್ಟವರು ಕಡಿಮೆ ಇರಲಿಲ್ಲ. ಅನುಮಾನ ಸರಿಯಾದದ್ದೇ. ನಂತರದ ದೊಡ್ಡ ಅಧ್ಯಯನಗಳಲ್ಲಿ ಇಳಿಕೆ ಇಷ್ಟು ದೊಡ್ಡದಾಗಿ ಕಾಣಲಿಲ್ಲ. ಸ್ಕಾಟ್ಲೆಂಡ್‌ನಲ್ಲಿ 2006ರ ಮಾರ್ಚ್‌ನಲ್ಲಿ ಇಂಥದೇ ಕಾನೂನು ಬಂದಾಗ ಒಂಬತ್ತು ಆಸ್ಪತ್ರೆಗಳಲ್ಲಿ ಹೃದಯಾಘಾತ ಮತ್ತು ಅದಕ್ಕೆ ಹತ್ತಿರದ ತೊಂದರೆಗಳಿಗೆ ದಾಖಲಾಗುವವರ ಸಂಖ್ಯೆ ಶೇ. 17ರಷ್ಟು ಇಳಿಯಿತು. ಗಮನಿಸಬೇಕಾದ ಅಂಶವೆಂದರೆ, ಇಳಿಕೆ ಸೇದುವವರಿಗಿಂತ ಎಂದೂ ಸೇದದವರಲ್ಲೇ ಹೆಚ್ಚಿತ್ತು. ಅವರು ಒಳಗೆ ಎಳೆದುಕೊಳ್ಳುತ್ತಿದ್ದದ್ದು ಬೇರೆಯವರ ಹೊಗೆ ಮಾತ್ರ.

ಭಾರತದಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧದ ನಿಯಮ 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿದೆ. ಆದರೂ 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 38.7ರಷ್ಟು ಮಂದಿ ಮನೆಯೊಳಗೇ ಇನ್ನೊಬ್ಬರ ಹೊಗೆಗೆ ಒಡ್ಡಿಕೊಳ್ಳುತ್ತಿದ್ದರು. ಬಾಲ್ಕನಿಯಲ್ಲಿ ನಿಂತು ಸೇದಿದರೆ ಮನೆಯವರಿಗೆ ತೊಂದರೆ ಇಲ್ಲ ಎನ್ನುವವರ ಮನೆಗಳೂ ಇದರಲ್ಲಿ ಸೇರಿರಬಹುದು.

ಭಾರತೀಯರಿಗೆ ಯಾಕೆ ಹೆಚ್ಚು ಎಚ್ಚರ ಬೇಕು?

ಹೃದಯಾಘಾತದ ಕಾರಣಗಳ ಬಗ್ಗೆ ನಡೆದ ಅತಿದೊಡ್ಡ ಅಧ್ಯಯನಗಳಲ್ಲಿ 'ಇಂಟರ್‌ಹಾರ್ಟ್' ಒಂದು. ಇದರ ನೇತೃತ್ವ ವಹಿಸಿದ್ದ ಡಾ. ಸಲೀಂ ಯೂಸುಫ್ ಕೇರಳ ಮೂಲದವರು, ವೈದ್ಯಕೀಯ ಓದಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ. 52 ದೇಶಗಳಲ್ಲಿ ಮೊದಲ ಬಾರಿ ಹೃದಯಾಘಾತಕ್ಕೊಳಗಾದ ಸುಮಾರು 15 ಸಾವಿರ ಮಂದಿಯನ್ನು ಅಷ್ಟೇ ಸಂಖ್ಯೆಯ ಆರೋಗ್ಯವಂತರೊಂದಿಗೆ ಹೋಲಿಸಿದ ಈ ಅಧ್ಯಯನದ ಫಲಿತಾಂಶ 2004ರಲ್ಲಿ ಹೊರಬಂತು. ಸೇದದವರಿಗೆ ಹೋಲಿಸಿದರೆ ಸೇದುವವರಿಗೆ ಹೃದಯಾಘಾತದ ಅಪಾಯ ಸುಮಾರು ಮೂರು ಪಟ್ಟು ಇತ್ತು.

ದಕ್ಷಿಣ ಏಷ್ಯಾದವರ ಮಾಹಿತಿಯನ್ನು ಬೇರೆಯಾಗಿ ನೋಡಿದಾಗ ಇನ್ನೊಂದು ಸಂಗತಿ ಕಂಡಿತು. ಬೇರೆ ದೇಶಗಳಲ್ಲಿ ಮೊದಲ ಹೃದಯಾಘಾತದ ಸರಾಸರಿ ವಯಸ್ಸು 58.8 ಆಗಿದ್ದರೆ, ನಮ್ಮ ಭಾಗದಲ್ಲಿ 53. ಸುಮಾರು ಆರು ವರ್ಷ ಮೊದಲೇ. ಮಗನ ಓದು, ಮಗಳ ಮದುವೆ, ಮನೆಯ ಸಾಲದ ಕಂತು ಎಲ್ಲವೂ ಬಾಕಿ ಇರುವ ವಯಸ್ಸದು.

ಬೀಡಿ ಸೇದುವವರಿಗೂ ಇಲ್ಲಿ ಸಮಾಧಾನದ ಸುದ್ದಿ ಇಲ್ಲ. ಸಿಗರೇಟಿಗಿಂತ ಬೀಡಿ ವಾಸಿ, ಅದರಲ್ಲಿ ಕಾಗದ ಇಲ್ಲ, ಎಲೆ ಮಾತ್ರ ಎಂಬ ನಂಬಿಕೆ ಊರೂರಲ್ಲೂ ಇದೆ. ಇಂಟರ್‌ಹಾರ್ಟ್ ಲೆಕ್ಕದಲ್ಲಿ ಬೀಡಿ ಸೇದುವವರ ಅಪಾಯ 2.89 ಪಟ್ಟು, ಅಂದರೆ ಸಿಗರೇಟಿಗೆ ಸರಿಸಮ. ತಂಬಾಕು ಅಗಿಯುವವರಿಗೆ 2.2 ಪಟ್ಟು. ಸೇದುವುದು, ಅಗಿಯುವುದು ಎರಡೂ ಇದ್ದವರಿಗೆ ನಾಲ್ಕು ಪಟ್ಟು. ಸಿಗರೇಟ್ ಬಿಟ್ಟೆ ಎಂದು ಗುಟ್ಕಾ, ಖೈನಿ ಹಿಡಿದವರು, ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರು ಈ ಅಂಕಿಯನ್ನು ಗಮನಿಸಬೇಕು. ಕರ್ನಾಟಕದಲ್ಲಿ ಸೇದುವವರಿಗಿಂತ ತಂಬಾಕು ಅಗಿಯುವವರೇ ಹೆಚ್ಚು ಎಂಬುದನ್ನೂ 2016-17ರ ಸಮೀಕ್ಷೆ ತೋರಿಸಿದೆ.

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯಲ್ಲಿ ಯುವಕರೂ ಸೇರಿದಂತೆ ಹಲವರು ಹಠಾತ್ತನೆ ಮೃತಪಟ್ಟ ಸುದ್ದಿ ಹಬ್ಬಿದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಇಸಿಜಿಗಾಗಿ ಉದ್ದನೆಯ ಸಾಲು ನಿಂತಿತ್ತು. ಕೋವಿಡ್ ಲಸಿಕೆಯೇ ಕಾರಣ ಎಂಬ ಚರ್ಚೆ ವಾಟ್ಸ್ಆ್ಯಪ್‌ನಲ್ಲಿ ಜೋರಾಗಿತ್ತು. ರಾಜ್ಯ ಸರ್ಕಾರದ ತಜ್ಞರ ಸಮಿತಿ ಲಸಿಕೆಗೂ ಈ ಸಾವುಗಳಿಗೂ ಸಂಬಂಧ ಕಂಡುಬಂದಿಲ್ಲ ಎಂದಿತು. ಒಮ್ಮೆ ತೆಗೆದ ಇಸಿಜಿ ನಾರ್ಮಲ್ ಬಂತೆಂದು ನಿರಾಳವಾಗಿ ಹೊರಬಂದು ಗೇಟಿನ ಬಳಿ ಸಿಗರೇಟ್ ಹಚ್ಚಿದರೆ ಆ ಇಸಿಜಿಗೆ ಅರ್ಥವಿಲ್ಲ. ಆ ಕ್ಷಣಕ್ಕೆ ಹೃದಯ ಹೇಗಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ, ಮುಂದಿನ ವಾರ ಕೊಬ್ಬಿನ ಗಂಟು ಒಡೆಯುತ್ತದೆಯೇ ಎಂಬುದನ್ನಲ್ಲ.

ವಯಸ್ಸು ಚಿಕ್ಕದು ಎಂಬುದು ರಕ್ಷಣೆಯೇ?

ಇಲ್ಲ, ಲೆಕ್ಕ ಉಲ್ಟಾ ಇದೆ. ಇಂಗ್ಲೆಂಡಿನ ಸೌತ್ ಯಾರ್ಕ್‌ಷೈರ್‌ನಲ್ಲಿ ನಡೆದ, 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ರಕ್ತನಾಳ ಪೂರ್ತಿ ಮುಚ್ಚಿಹೋಗುವ ತೀವ್ರ ಹೃದಯಾಘಾತದ ಅಪಾಯ 65 ದಾಟಿದ ಸೇದುವವರಲ್ಲಿ ಅದೇ ವಯಸ್ಸಿನ ಸೇದದವರಿಗಿಂತ ಸುಮಾರು ಮೂರು ಪಟ್ಟು. 50ರೊಳಗಿನವರಲ್ಲಿ ಇದು ಎಂಟು ಪಟ್ಟಿಗೂ ಹೆಚ್ಚು. ವಯಸ್ಸಾದವರಿಗೆ ಮಧುಮೇಹ, ಬಿಪಿ ಹೀಗೆ ಬೇರೆ ಕಾರಣಗಳೂ ಇರುತ್ತವೆ. ಮೂವತ್ತೈದರ ಯುವಕನಿಗೆ ಹೃದಯಾಘಾತ ಆದಾಗ ಹಲವು ಬಾರಿ ಎದ್ದು ಕಾಣುವ ಕಾರಣ ತಂಬಾಕು ಒಂದೇ.

ಮಹಿಳೆಯರ ವಿಷಯದಲ್ಲೂ ಇಂಥದೇ ತಪ್ಪು ಕಲ್ಪನೆ ಇದೆ. 2011ರಲ್ಲಿ 'ಲ್ಯಾನ್ಸೆಟ್'ನಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ ಧೂಮಪಾನದಿಂದ ಮಹಿಳೆಯರಿಗೆ ಬರುವ ಹೃದ್ರೋಗದ ಅಪಾಯ ಪುರುಷರಿಗಿಂತ ಶೇ. 25ರಷ್ಟು ಹೆಚ್ಚು. 35 ದಾಟಿದ, ಸಿಗರೇಟ್ ಸೇದುವ ಮಹಿಳೆಯರು ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳಬಾರದು ಎಂದು ವೈದ್ಯರು ಹೇಳುವುದೂ ಇದೇ ಕಾರಣಕ್ಕೆ. ಮನೆಯಲ್ಲಿ ಗೊತ್ತಾಗಬಾರದೆಂದು ಸೇದುವ ವಿಷಯವನ್ನು ವೈದ್ಯರಿಂದಲೂ ಮುಚ್ಚಿಟ್ಟರೆ ಆ ಮಾತ್ರೆ ಚೀಟಿಯಲ್ಲಿ ಬಂದುಬಿಡಬಹುದು.

'ಲೈಟ್' ಸಿಗರೇಟ್ ಸೇದುವವರು ಹೊಗೆಯನ್ನು ಇನ್ನಷ್ಟು ಆಳವಾಗಿ, ಹೆಚ್ಚು ಸಲ ಎಳೆಯುತ್ತಾರೆ, ಲಾಭ ಸೊನ್ನೆ. ಹುಕ್ಕಾದ ಇದ್ದಿಲಿನಿಂದಲೂ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ, ನೀರಿನ ಮೂಲಕ ಹಾದು ಬಂದ ಮಾತ್ರಕ್ಕೆ ಅದು ಶುದ್ಧವಾಗುವುದಿಲ್ಲ. ಇ-ಸಿಗರೇಟ್ ಮಾರಾಟ ಭಾರತದಲ್ಲಿ 2019ರಿಂದಲೇ ನಿಷಿದ್ಧ.

ಬಿಡಿ ಸಿಗರೇಟಿನ ಮೇಲೆ ಕಾನೂನಿನ ಕಣ್ಣು

'ದಿನಕ್ಕೊಂದು' ಅಭ್ಯಾಸ ಬೆಳೆಯುವುದೇ ಬಿಡಿಬಿಡಿಯಾಗಿ ಸಿಗುವ ಸಿಗರೇಟಿನಿಂದ. ಪ್ಯಾಕ್ ಕೊಳ್ಳಬೇಕಾದರೆ ಕೈ ಹಿಂಜರಿಯುತ್ತದೆ, ಒಂದಕ್ಕೆ ಜೇಬಿನಲ್ಲಿರುವ ಚಿಲ್ಲರೆ ಸಾಕು. ಪ್ಯಾಕಿನ ಶೇ. 85ರಷ್ಟು ಜಾಗದಲ್ಲಿ ಎಚ್ಚರಿಕೆಯ ಚಿತ್ರ ಇರಬೇಕೆಂಬ ನಿಯಮ 2016ರಿಂದ ಇದ್ದರೂ ಬಿಡಿಯಾಗಿ ಕೊಳ್ಳುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಮಹಾರಾಷ್ಟ್ರ ಸರ್ಕಾರ 2020ರ ಸೆಪ್ಟೆಂಬರ್‌ನಲ್ಲಿ ಬಿಡಿ ಸಿಗರೇಟ್, ಬೀಡಿ ಮಾರಾಟ ನಿಷೇಧಿಸಿತು. ಕರ್ನಾಟಕದ ತಿದ್ದುಪಡಿ ಕಾಯ್ದೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದಿದ್ದು, ಬಿಡಿ ಮಾರಾಟಕ್ಕೆ ತಡೆ ಹಾಕುವುದರ ಜೊತೆಗೆ ತಂಬಾಕು ಕೊಳ್ಳುವ ಕನಿಷ್ಠ ವಯಸ್ಸನ್ನು 18ರಿಂದ 21ಕ್ಕೆ, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡವನ್ನು 200ರಿಂದ 1,000 ರೂಪಾಯಿಗೆ ಏರಿಸಿದೆ. ಅಂಗಡಿಯ ಮುಂದೆ ನೇತುಹಾಕಿದ ಲೈಟರ್ ಮಾತ್ರ ಇನ್ನೂ ಹಲವೆಡೆ ಹಾಗೇ ಇದೆ.

ಕಡಿಮೆ ಮಾಡುವುದೋ, ಪೂರ್ತಿ ಬಿಡುವುದೋ?

ಹತ್ತರಿಂದ ಎರಡಕ್ಕೆ ಇಳಿಸಿದ್ದೇನೆ ಎಂಬುದು ದೊಡ್ಡ ಸಾಧನೆ ಅನ್ನಿಸುವುದು ಸಹಜ. ಶ್ವಾಸಕೋಶಕ್ಕೆ ಅದರಿಂದ ಒಂದಿಷ್ಟು ಪ್ರಯೋಜನ ಇರಬಹುದು. ಹೃದಯಕ್ಕೆ ಮಾತ್ರ ಸಿಗುವ ಲಾಭ ತೀರಾ ಕಡಿಮೆ, ಏಕೆಂದರೆ ಹೆಚ್ಚಿನ ಹಾನಿ ಅಡಗಿರುವುದೇ ಉಳಿಸಿಕೊಂಡ ಆ ಎರಡರಲ್ಲಿ. ಕಡಿಮೆ ಮಾಡುವುದು ಪೂರ್ತಿ ಬಿಡುವ ದಾರಿಯ ಮೆಟ್ಟಿಲಾದರೆ ಸರಿ, ಅಲ್ಲೇ ನಿಂತರೆ ಹೃದಯಕ್ಕೆ ಹೆಚ್ಚು ಉಪಯೋಗವಿಲ್ಲ.

ಪೂರ್ತಿ ಬಿಟ್ಟವರಿಗೆ ಒಳ್ಳೆಯ ಸುದ್ದಿ ಬೇಗನೆ ಬರುತ್ತದೆ. ಕೊನೆಯ ಸಿಗರೇಟಿನ ಸುಮಾರು 20 ನಿಮಿಷದಲ್ಲಿ ನಾಡಿ ಬಡಿತ ಇಳಿಯತೊಡಗುತ್ತದೆ. ಒಂದು ದಿನದೊಳಗೆ ರಕ್ತದ ಕಾರ್ಬನ್ ಮೊನಾಕ್ಸೈಡ್ ಸಹಜ ಮಟ್ಟಕ್ಕೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಂದು ವರ್ಷದಲ್ಲಿ ಹೃದ್ರೋಗದ ಅಪಾಯ ಸೇದುವವರಿಗಿಂತ ಅರ್ಧದಷ್ಟಾಗುತ್ತದೆ. ಅಮೆರಿಕದ ಪ್ರಸಿದ್ಧ ಫ್ರೇಮಿಂಗ್‌ಹ್ಯಾಮ್ ಹೃದಯ ಅಧ್ಯಯನದ 2019ರ ವರದಿಯಂತೆ, ವರ್ಷಗಟ್ಟಲೆ ವಿಪರೀತ ಸೇದಿದವರೂ ಬಿಟ್ಟ ಐದು ವರ್ಷದೊಳಗೆ ಅಪಾಯವನ್ನು ಶೇ. 39ರಷ್ಟು ಇಳಿಸಿಕೊಂಡಿದ್ದರು. ಆದರೆ ಎಂದೂ ಸೇದದವರ ಮಟ್ಟಕ್ಕೆ ಬರಲು ಅವರಿಗೆ ಇನ್ನೂ ಹಲವು ವರ್ಷ ಬೇಕಾಯಿತು.

ದಿನಕ್ಕೆ ಒಂದೆರಡು ಸೇದುವವರಿಗೆ ಇಲ್ಲೊಂದು ವಿಶೇಷ ಲಾಭ ಇದೆ. ಇಂಟರ್‌ಹಾರ್ಟ್ ಮಾಹಿತಿಯ ಪ್ರಕಾರ ದಿನಕ್ಕೆ ಹತ್ತಕ್ಕಿಂತ ಕಡಿಮೆ ಸೇದುತ್ತಿದ್ದವರು ಬಿಟ್ಟ ಮೂರರಿಂದ ಐದು ವರ್ಷದಲ್ಲಿ ಹೆಚ್ಚುವರಿ ಅಪಾಯದಿಂದ ಹೊರಬಂದಿದ್ದರು. ದಿನಕ್ಕೆ 20 ಅಥವಾ ಹೆಚ್ಚು ಸೇದುತ್ತಿದ್ದವರಲ್ಲಿ 20 ವರ್ಷದ ನಂತರವೂ ಸ್ವಲ್ಪ ಅಪಾಯ ಉಳಿದಿತ್ತು. ಒಮ್ಮೆ ಹೃದಯಾಘಾತ ಆಗಿ, ಸ್ಟೆಂಟ್ ಹಾಕಿಸಿಕೊಂಡವರಿಗೂ ತಡವಾಗಿಲ್ಲ. ಹೃದ್ರೋಗ ಬಂದ ಮೇಲೆ ಬಿಟ್ಟವರಲ್ಲಿ ಸಾವಿನ ಪ್ರಮಾಣ, ಬಿಡದವರಿಗಿಂತ ಶೇ. 36ರಷ್ಟು ಕಡಿಮೆ ಎಂದು 2003ರ ವಿಶ್ಲೇಷಣೆಯೊಂದು ಕಂಡುಕೊಂಡಿದೆ. ಸ್ಟೆಂಟ್ ಹಾಕಿದ್ದು ಒಂದು ಜಾಗಕ್ಕೆ ಮಾತ್ರ, ಹೊಗೆ ತಲುಪುವುದು ಎಲ್ಲ ನಾಳಗಳಿಗೂ.

ಬಿಡಲು ಸಹಾಯ ಬೇಕಿದ್ದರೆ ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಕೂಡ ಇದರ ಕೇಂದ್ರಗಳಲ್ಲಿ ಒಂದಾಗಿದ್ದು, ಕನ್ನಡದಲ್ಲೂ ಆಪ್ತಸಲಹೆ ಸಿಗುತ್ತದೆ. ದೆಹಲಿ, ಪುಣೆಯಲ್ಲಿರುವ ಕನ್ನಡಿಗರಿಗೂ ಇದು ಅನುಕೂಲ. ನಿಕೋಟಿನ್ ಚ್ಯೂಯಿಂಗ್ ಗಮ್ ಮತ್ತು ಪ್ಯಾಚ್ ಹಾಗೂ ವೈದ್ಯರ ಚೀಟಿಯ ಮೇಲೆ ವರೆನಿಕ್ಲಿನ್, ಬುಪ್ರೊಪಿಯಾನ್ ಮಾತ್ರೆಗಳೂ ಲಭ್ಯ. ಹೃದ್ರೋಗ ಈಗಾಗಲೇ ಇದ್ದವರು ಇವುಗಳಲ್ಲಿ ಯಾವುದನ್ನು ಬಳಸುವ ಮೊದಲೂ ತಮ್ಮ ವೈದ್ಯರನ್ನು ಕೇಳುವುದು ಒಳ್ಳೆಯದು.

ಎದೆಯಲ್ಲಿ ಬಿಗಿತ ಅಥವಾ ಭಾರ, ಅದು ಎಡಗೈ, ಭುಜ, ದವಡೆ ಅಥವಾ ಬೆನ್ನಿಗೆ ಹರಡುವುದು, ತಣ್ಣನೆಯ ಬೆವರು, ಉಸಿರಾಟಕ್ಕೆ ಕಷ್ಟ, ಮಹಿಳೆಯರಲ್ಲಿ ಮತ್ತು ಮಧುಮೇಹ ಇರುವವರಲ್ಲಿ ಕೆಲವೊಮ್ಮೆ ಬರೀ ಸುಸ್ತು, ವಾಕರಿಕೆ ಕಂಡುಬಂದರೆ ಗ್ಯಾಸ್ಟ್ರಿಕ್ ಎಂದುಕೊಂಡು ಸೋಡಾ ಕುಡಿದು ಕಾಯಬಾರದು. ಕೂಡಲೇ 108 ಅಥವಾ 112ಕ್ಕೆ ಕರೆ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ವೈದ್ಯರು 'ಸಿಗರೇಟ್ ಸೇದ್ತೀರಾ?' ಎಂದು ಕೇಳಿದಾಗ, ದಿನಕ್ಕೆ ಒಂದೇ ಆಗಿದ್ದರೂ 'ಹೌದು' ಎಂದೇ ಹೇಳಬೇಕು.